ಪದ ಮೊದಲು, ದನಿ ಆಮೇಲೆ

(ಬಾನುಲಿ ಭಾಷಣ)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಹಣಮಂತ ದೇವರ ಗುಡಿಯ ಕಟ್ಟೆಯ ಮೇಲೋ ಭಜನಿ ಮ್ಯಾಳ ಕೂಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಒಂದು ಪೇಟಿ, ಒಂದು ತಬಲಾ ಇಲ್ಲವೇ ಢೋಲಕ್, ನಾಲ್ಕೈದು ಜೋಡಿ ತಾಳ, ಸಿಕ್ಕರೆ ಒಂದು ದಮ್ಮಡಿ. ಅಲ್ಲಿ ಹಾಡುವವರು ಹಾಡಿಕೆಯಿಂದ ಹೊಟ್ಟೆ ಹೊರೆಯುವವರಲ್ಲ. ತೊಗರಿ ಹೊಲದಲ್ಲಿ ದುಡಿದು ಬಂದವರು, ಶಹಾಬಾದದ ಫರಸಿ ಖಣಿಯ ಧೂಳು ತೊಳೆದುಕೊಂಡು ಬಂದವರು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು, ರೈಲ್ವೆಯವರು, ಕಿರಾಣಿ ಅಂಗಡಿಯವರು, ಶಾಲೆಯ ಮಾಸ್ತರರು. ರಾತ್ರಿ ಪಾಳಿ ಬಿದ್ದವರು ಆ ತಿಂಗಳು ಬರುವುದಿಲ್ಲ, ಅವರ ಪದವನ್ನು ಇನ್ನೊಬ್ಬರು ಹಾಡುತ್ತಾರೆ. ಇವರನ್ನು ನಾವು ಹವ್ಯಾಸಿಗಳು ಅನ್ನುತ್ತೇವೆ. ಈ ಹವ್ಯಾಸಿಗಳಿಂದ ನಾವು ಏನನ್ನು ಬೇಡಬೇಕು, ಅವರಿಗೆ ಏನನ್ನು ಕೊಡಬೇಕು ಅನ್ನುವುದು ನನ್ನ ಇವತ್ತಿನ ವಿಷಯ.

ಇವರ ಬಗ್ಗೆ ಎರಡು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ. ಒಂದು, ‘ಜನಪದ ಅಲ್ರೀ, ಹ್ಯಾಂಗ ಹಾಡಿದ್ರೂ ನಡೀತದ.’ ಇನ್ನೊಂದು, ‘ಸೂರಿಲ್ಲ, ತಾಳಿಲ್ಲ, ಇವರ ಕೈಯಾಗ ಮೈಕ್ ಕೊಟ್ಟವರ್ಯಾರ್ರೀ?’ ಮೊದಲನೆಯದು ಪ್ರೀತಿಯ ಮಾತಿನ ಹಾಗೆ ಕೇಳಿಸುತ್ತದೆ, ಎರಡನೆಯದು ಶಿಸ್ತಿನ ಮಾತಿನ ಹಾಗೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮೊದಲನೆಯದು ಹಾಡುವವನಿಂದ ಏನನ್ನೂ ಬೇಡುವುದಿಲ್ಲ. ಅಂದರೆ ಇವನಿಂದ ಏನೂ ಆಗದು ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಎರಡನೆಯದು ಎಲ್ಲವನ್ನೂ ಮೊದಲ ದಿನವೇ ಬೇಡುತ್ತದೆ. ನಮ್ಮ ಮ್ಯಾಳಗಳಿಗೆ ತಮ್ಮದೇ ಆದ ಒಂದು ಅಳತೆ ಇದೆ. ಆ ಅಳತೆಯಲ್ಲಿ ಮೊದಲು ಪದ, ಆಮೇಲೆ ತಾಳ, ಆಮೇಲೆ ಸೂರು, ಕಟ್ಟಕಡೆಗೆ ದನಿ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ತುಸು ಹೊತ್ತು ಕೂತು ಕೇಳಿದರೆ ಹಿರಿಯರು ಯಾವುದಕ್ಕೆ ಮುಖ ಕಿವಿಚುತ್ತಾರೆ, ಯಾವುದನ್ನು ಸಹಿಸಿಕೊಳ್ಳುತ್ತಾರೆ ಅನ್ನುವುದರಲ್ಲಿ ಈ ಕ್ರಮ ಗೊತ್ತಾಗುತ್ತದೆ.

ಪದ ಯಾಕೆ ಮೊದಲು? ನಮ್ಮ ಭಾಗದ ಭಜನೆಯ ಬೆನ್ನೆಲುಬು ತತ್ವಪದ. ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯಬಳಗದ ಚನ್ನೂರ ಜಲಾಲಸಾಬ, ತೆಲಗಬಾಳ ರೇವಪ್ಪ ಇಂಥವರು ಕಟ್ಟಿದ ಪದಗಳು ಅಚ್ಚಿನ ಮನೆ ಕಾಣುವ ಎಷ್ಟೋ ವರ್ಷ ಮೊದಲೇ ಬಾಯಿಂದ ಬಾಯಿಗೆ ಸಾಗಿ ಬಂದವು. ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ವಿದ್ವಾಂಸರು ಈ ಪರಂಪರೆಯನ್ನು ಅಭ್ಯಾಸ ಮಾಡಿ ಪುಸ್ತಕಕ್ಕೆ ತಂದದ್ದು ಬಹಳ ಈಚೆಗೆ. ಅಲ್ಲಿಯತನಕ ಆ ಪದಗಳು ಉಳಿದದ್ದು ಹಾಡುವವರ ನೆನಪಿನಲ್ಲಿ. ಇವು ಬೆಡಗಿನ ಪದಗಳು, ಲೆಕ್ಕ ಇಟ್ಟು ಕಟ್ಟಿದ ಪದಗಳು. ಮೂರು ಅಂದರೆ ತ್ರಿಗುಣ, ಐದು ಅಂದರೆ ಇಂದ್ರಿಯ, ಆರು ಅಂದರೆ ಅರಿಷಡ್ವರ್ಗ, ಎಂಟು ಅಂದರೆ ಅಷ್ಟಮದ, ಒಂಬತ್ತು ಅಂದರೆ ದೇಹದ ಬಾಗಿಲುಗಳು. ಹಾಡುವವನು ಒಂಬತ್ತರ ಜಾಗದಲ್ಲಿ ಎಂಟು ಅಂದುಬಿಟ್ಟರೆ ದನಿ ಎಷ್ಟೇ ಇಂಪಾಗಿರಲಿ, ದೇಹದ ಬಗ್ಗೆ ಕಟ್ಟಿದ ಪದ ಗರ್ವದ ಬಗ್ಗೆ ಆಗಿಬಿಡುತ್ತದೆ. ಮುಂದಿನ ಸಾಲಿಗೆ ಕೀಲಿಯೇ ಹತ್ತುವುದಿಲ್ಲ. ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತ ಮುದುಕರು ತಟ್ಟನೆ ತಲೆ ಎತ್ತುವುದು ಇಂಥಲ್ಲಿ. ದನಿ ಒಡೆದಾಗ ಅವರು ತಲೆ ಎತ್ತುವುದಿಲ್ಲ.

ಅದಕ್ಕೆ ನಾನು ಹವ್ಯಾಸಿ ಹಾಡುಗಾರರಿಂದ ಬೇಡುವ ಮೊದಲ ಸಂಗತಿ ಇದು: ಪದ ಬಾಯಿಪಾಠ ಇರಲಿ, ಅದರ ಅರ್ಥ ಯಾರನ್ನಾದರೂ ಕೇಳಿ ತಿಳಿದುಕೊಂಡಿರಲಿ. ಇದಕ್ಕೆ ದೈವದತ್ತ ಕಂಠ ಬೇಕಿಲ್ಲ, ರಾಗದ ತಾಲೀಮು ಬೇಕಿಲ್ಲ, ಹಣ ಬೇಕಿಲ್ಲ. ಹೊಲಕ್ಕೆ ಹೋಗುವಾಗ, ಬಸ್ಸಿನಲ್ಲಿ ಕೂತಾಗ ಗುಣುಗುಣು ಅನ್ನುತ್ತ ಕಲಿಯಬಹುದು. ಮೊಬೈಲಿನ ಪರದೆ ನೋಡುತ್ತ ಹಾಡುವವನಿಗೆ ತಾಳ ತಪ್ಪುವುದು ಸಹಜ, ಯಾಕೆಂದರೆ ಅವನ ಗಮನ ಮುಂದಿನ ಸಾಲು ಹುಡುಕುವುದರಲ್ಲಿರುತ್ತದೆ, ಹಿಮ್ಮೇಳದವರ ಕಡೆ ಇರುವುದಿಲ್ಲ. ಪದ ಕೈಗೆ ಬಂದವನಿಗೆ ಉಳಿದದ್ದನ್ನು ಮ್ಯಾಳ ಕಲಿಸುತ್ತದೆ. ಪದವನ್ನು ಮಾತ್ರ ಅವನೇ ಮನೆಯಿಂದ ತರಬೇಕು.

ಮ್ಯಾಳ ಕಲಿಸುವ ರೀತಿ ಚಂದ. ಹೊಸಬ ಬಂದರೆ ಮೊದಲು ಅವನ ಕೈಗೆ ತಾಳ ಕೊಡುತ್ತಾರೆ. ಎಂಟು ಮಾತ್ರೆಯ ಕೇರವಾ, ಆರು ಮಾತ್ರೆಯ ದಾದರಾ ಎರಡೂ ಅವನ ಮೈಯೊಳಗೆ ಇಳಿಯಬೇಕು. ಆಮೇಲೆ ಹಿಮ್ಮೇಳದಲ್ಲಿ ಕೂತು ಪಲ್ಲ ಹಾಡುತ್ತಾನೆ. ಮುಂದಿನವರು ಒಂದು ನುಡಿ ಹಾಡಿ ಬಿಟ್ಟಾಗಲೆಲ್ಲ ಪಲ್ಲ ತಿರುಗಿ ಬರುತ್ತದೆ. ಹತ್ತು ಜನರ ದನಿಯ ನಡುವೆ ತನ್ನ ದನಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಯಾರೂ ಹೇಳದೆಯೇ ಅವನಿಗೆ ತಿಳಿಯುತ್ತದೆ. ಒಂದು ದಿನ ಹಿರಿಯರು ನಡುವೆ ನಿಂತು, ‘ಈ ನುಡಿ ನೀ ಹಾಡೋ ತಮ್ಮ’ ಅನ್ನುತ್ತಾರೆ. ಒಂದೇ ನುಡಿ. ತಪ್ಪಿದರೆ ಮುಂದಿನ ಪಲ್ಲದಲ್ಲಿ ಹಿಮ್ಮೇಳ ಅವನನ್ನು ಮತ್ತೆ ದಾರಿಗೆ ತರುತ್ತದೆ. ಮೊಹರಮ್ಮಿನ ರಿವಾಯತ್ ಪದಗಳಲ್ಲೂ ಹೀಗೇ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ; ಹಿಡಿಯುವವರಲ್ಲಿ ಮುಸಲ್ಮಾನರೂ ಹಿಂದೂಗಳೂ ಇರುತ್ತಾರೆ, ಮುಂದಿನ ವರ್ಷಗಳಲ್ಲಿ ಎತ್ತಿಕೊಡುವವರು ಅವರ ನಡುವಿಂದಲೇ ಬರುತ್ತಾರೆ.

ಆ ಹುಡುಗ ಮೊದಲ ಸಲ ಪೂರ್ತಿ ಪದ ಎತ್ತಿಕೊಳ್ಳುವ ಗಳಿಗೆಯನ್ನು ಹತ್ತಿರ ಕೂತು ನೋಡಬೇಕು. ಹಿರಿಯರು ಕಾಳಿ ಎರಡರ ಪಟ್ಟಿಯಲ್ಲಿ, ಅಂದರೆ ಪೇಟಿಯ ಎರಡನೆಯ ಕರಿ ಮನೆಯನ್ನು ಆಧಾರ ಸೂರು ಮಾಡಿಕೊಂಡು, ಹಾಡಿ ಮುಗಿಸಿರುತ್ತಾರೆ. ಇವನೂ ಅದೇ ಪಟ್ಟಿಯಲ್ಲಿ ಎತ್ತುತ್ತಾನೆ. ಪಲ್ಲ ಹೇಗೋ ನಡೆದುಹೋಗುತ್ತದೆ. ಮೊದಲ ನುಡಿಯಲ್ಲಿ ದನಿ ಮೇಲೇರಬೇಕಾದ ಜಾಗ ಬಂದಾಗ ಒಡೆಯುತ್ತದೆ. ಕೊರಳಿನ ನರ ಉಬ್ಬುತ್ತದೆ, ಕಣ್ಣು ಪೇಟಿ ಮಾಸ್ತರರ ಕಡೆ ಹೊರಳುತ್ತದೆ. ಬಲ್ಲ ಮಾಸ್ತರರು ಆಗ ಏನೂ ಅನ್ನುವುದಿಲ್ಲ, ಮುಖದಲ್ಲೂ ತೋರಿಸುವುದಿಲ್ಲ. ಪಲ್ಲವನ್ನು ಹಿಮ್ಮೇಳದಿಂದ ಒಂದು ಸುತ್ತು ಹೆಚ್ಚಿಗೆ ಹಾಡಿಸುತ್ತಾರೆ. ಆ ಸುತ್ತಿನಲ್ಲಿ ಅವರ ಬೆರಳು ಕಾಳಿ ಎರಡರಿಂದ ಬಿಳಿ ಒಂದಕ್ಕೆ ಇಳಿದಿರುತ್ತದೆ. ಎರಡನೆಯ ನುಡಿ ಬರುವ ಹೊತ್ತಿಗೆ ಹುಡುಗನ ದನಿಗೆ ಜಾಗ ಸಿಕ್ಕಿರುತ್ತದೆ. ತಬಲಾದವರಿಗೆ ಇದರಿಂದ ತೊಂದರೆ, ಯಾಕೆಂದರೆ ಅವರ ತಬಲಾ ಕಾಳಿ ಎರಡಕ್ಕೆ ಕೂಡಿಸಿದ್ದು. ಮತ್ತೆ ಸುತ್ತಿಗೆ ಹಿಡಿದು ಗಟ್ಟೆ ಬಡಿದು ಸೂರು ಇಳಿಸಬೇಕು. ಅಂಥ ಹೊತ್ತಿಗೆ ಢೋಲಕ್ ಇದ್ದರೆ ಅನುಕೂಲ, ಪಟ್ಟಿ ಬದಲಾದದ್ದು ಅದರಲ್ಲಿ ಅಷ್ಟು ಎದ್ದು ಕೇಳುವುದಿಲ್ಲ. ಹಾಡು ಮುಗಿದಾಗ ಹುಡುಗನಿಗೆ ತನ್ನ ದನಿ ಸುಧಾರಿಸಿತು ಅನ್ನಿಸುತ್ತದೆ. ಅವನಿಗೆ ಏನು ಮಾಡಿದೆವು ಅನ್ನುವುದನ್ನು ಮಾಸ್ತರರು ಮಾರನೇ ದಿನ ಚಹದ ಅಂಗಡಿಯಲ್ಲಿ ಹೇಳುತ್ತಾರೆ: ‘ನಿಂದು ಬಿಳಿ ಒಂದರ ಪಟ್ಟಿ ಅದ. ನಾಳಿಂದ ಅದರಾಗೇ ರೂಢಿ ಮಾಡ್ಕೋ.’ ಪ್ರೋತ್ಸಾಹ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ತಪ್ಪನ್ನು ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಎತ್ತಿ ತೋರಿಸಲೂ ಇಲ್ಲ.

ಈ ಪಟ್ಟಿಯ ಮಾತನ್ನು ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಅನ್ಯಾಯ ಆಗಿದೆ. ಗಂಡಸರು ಸಾಮಾನ್ಯವಾಗಿ ಕಾಳಿ ಒಂದು, ಕಾಳಿ ಎರಡರ ಆಸುಪಾಸಿನಲ್ಲಿ ಹಾಡುತ್ತಾರೆ. ಹೆಣ್ಣುಮಕ್ಕಳ ದನಿ ತೆರೆದುಕೊಳ್ಳುವುದು ಕಾಳಿ ನಾಲ್ಕು, ಕಾಳಿ ಐದರ ಕಡೆ. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ, ಊರಿನ ಭಜನೆಯಲ್ಲಿ, ಹುಡುಗಿ ಹಾಡಲು ಬಂದಾಗ ಪೇಟಿ ಹಿಂದಿನ ಹುಡುಗನ ಪಟ್ಟಿಯಲ್ಲೇ ನಿಂತಿರುತ್ತದೆ. ಕೆಳಗೆ ಹಾಡಿದರೆ ದನಿ ಕೇಳಿಸುವುದಿಲ್ಲ, ಮೇಲಿನ ಸಪ್ತಕಕ್ಕೆ ಏರಿದರೆ ಕಿರುಚಿದ ಹಾಗಾಗುತ್ತದೆ. ‘ಹುಡುಗಿಗೆ ದನಿ ಇಲ್ರೀ’ ಅಂತ ಕೂತವರು ತೀರ್ಪು ಕೊಟ್ಟುಬಿಡುತ್ತಾರೆ. ದನಿ ಇತ್ತು, ಪಟ್ಟಿ ಇರಲಿಲ್ಲ. ಒಂದು ಪೇಟಿಯ ಮೇಲೆ ನಾಲ್ಕು ಬೆರಳು ಆಚೆ ಸರಿಸಿದ್ದರೆ ಸರಿಹೋಗುತ್ತಿದ್ದದ್ದನ್ನು ಆ ಮಗು ತನ್ನ ಹಣೆಬರಹ ಅಂದುಕೊಂಡು, ಮತ್ತೆಂದೂ ನಾಲ್ಕು ಜನರ ಮುಂದೆ ಬಾಯಿ ತೆರೆಯದೆ ದೊಡ್ಡದಾಗುತ್ತದೆ. ಹೀಗೆ ಹಾಡು ಬಿಟ್ಟ ಎಷ್ಟು ತಾಯಂದಿರು ಈಗ ಈ ಬಾನುಲಿಯ ಮುಂದೆ ಕೂತಿದ್ದೀರೋ. ನಿಮ್ಮ ದನಿ ಹಾಳಾಗಿಲ್ಲ ಅಂತ ನಿಮಗೆ ಹೇಳಬೇಕಾಗಿತ್ತು, ಹೇಳಿದ್ದೇನೆ.

ಅಳತೆಯೂ ಪ್ರೋತ್ಸಾಹವೂ ಒಂದಕ್ಕೊಂದು ವಿರೋಧ ಅಲ್ಲ ಅನ್ನುವುದಕ್ಕೆ ನಮ್ಮ ನೆಲದಲ್ಲೇ ಬಹಳ ಹಳೆಯ ಸಾಕ್ಷಿ ಇದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ಕನ್ನಡ ನಾಡಿನ ಜನ ಓದು ಬರಹ ಕಲಿಯದೆಯೂ ಕಾವ್ಯ ಬಲ್ಲವರು, ಚಿಕ್ಕ ಮಕ್ಕಳು ಕೂಡ ವಿವೇಕದ ಮಾತು ಬಲ್ಲರು ಅಂತ ಆ ಪುಸ್ತಕ ಹೊಗಳುವುದು ಎಲ್ಲರಿಗೂ ಗೊತ್ತು, ವೇದಿಕೆಗಳಲ್ಲಿ ಅದನ್ನು ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಅದೇ ಪುಸ್ತಕದ ಮೊದಲ ಪರಿಚ್ಛೇದ ದೋಷ ಯಾವುದು, ದೋಷವಲ್ಲದ್ದು ಯಾವುದು ಅಂತ ಬಿಡಿಸಿ ಹೇಳಲಿಕ್ಕೇ ಇದೆ. ಜನರನ್ನು ಅಷ್ಟು ನಂಬಿದ ಕೈಯೇ ತಪ್ಪುಗಳ ಪಟ್ಟಿಯನ್ನೂ ಬರೆಯಿತು. ಬಲ್ಲವರು ಅನ್ನುವ ಗೌರವ ಇದ್ದುದರಿಂದಲೇ ತಿದ್ದುವ ಮನಸ್ಸಾಯಿತು ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಕವಿರಾಜಮಾರ್ಗ ಹೆಸರಿಸುವ ಬೆದಂಡೆ, ಚತ್ತಾಣಗಳಂಥ ಹಳೆಯ ಕನ್ನಡ ಕಾವ್ಯಪ್ರಕಾರಗಳು ಹಾಡಿಗೆ ಹತ್ತಿರದವು ಅನ್ನುವುದನ್ನೂ ಮರೆಯಬಾರದು.

ಈಗ ಸ್ಪರ್ಧೆಗಳ ವಿಷಯಕ್ಕೆ ಬರುತ್ತೇನೆ. ಜಾತ್ರೆಯಲ್ಲಿ, ಗಣೇಶ ಚೌತಿಯಲ್ಲಿ, ಶ್ರಾವಣದಲ್ಲಿ, ನಾಯಕರ ಹುಟ್ಟುಹಬ್ಬದಲ್ಲಿ ಭಜನಾ ಸ್ಪರ್ಧೆ ನಡೆಸುವುದು ಈಗ ರೂಢಿಯಾಗಿದೆ. ಒಳ್ಳೆಯದೇ. ಸ್ಪರ್ಧೆಯ ನೆವದಿಂದ ಮುರಿದ ಮ್ಯಾಳಗಳು ಮತ್ತೆ ಕೂಡಿವೆ, ಹರಿದ ಢೋಲಕ್‌ಗೆ ಹೊಸ ಚರ್ಮ ಬಂದಿದೆ. ಆದರೆ ತೀರ್ಪುಗಾರರ ಕೈಗೆ ಕೊಡುವ ಅಂಕಪಟ್ಟಿಯನ್ನು ನೋಡಿದರೆ ಮನಸ್ಸಿಗೆ ಬೇಸರವಾಗುತ್ತದೆ. ನಾನು ತೀರ್ಪುಗಾರನಾಗಿ ಕೂತ ಒಂದು ಕಡೆ ಮೊದಲ ಮನೆ ಧ್ವನಿಗೆ ಇತ್ತು, ಆಮೇಲೆ ವೇಷಭೂಷಣ, ಆಮೇಲೆ ವಾದ್ಯ, ಆಮೇಲೆ ತಾಳ. ಪದಕ್ಕೆ ಅಂತ ಮನೆಯೇ ಇರಲಿಲ್ಲ. ಮ್ಯಾಳದ ಅಳತೆಯನ್ನು ತಲೆಕೆಳಗು ಮಾಡಿದ ಹಾಗಾಯಿತು. ಒಂದೇ ಬಣ್ಣದ ರುಮಾಲು ಕೊಳ್ಳಲು ಹಣ ಇಲ್ಲದ ಖಣಿ ಕಾರ್ಮಿಕರ ಮ್ಯಾಳ ಅಲ್ಲಿ ಮೊದಲೇ ಸೋತಿತ್ತು.

ಅದಕ್ಕಿಂತ ನೋವಿನ ಸಂಗತಿ ಗಂಟೆ. ಒಂದು ತಂಡಕ್ಕೆ ಇಷ್ಟೇ ನಿಮಿಷ ಅಂತ ಕಟ್ಟು ಹಾಕುತ್ತಾರೆ, ಹೊತ್ತು ಮುಗಿದ ಕೂಡಲೇ ಗಂಟೆ ಬಾರಿಸುತ್ತಾರೆ. ನೂರಾರು ಜನ ಕಾದಿರುವಾಗ ಕಟ್ಟು ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಗಂಟೆ ಬೀಳುವುದು ಯಾವಾಗಲೂ ಕೊನೆಯ ನುಡಿಯ ಮೇಲೆ. ಕೊನೆಯ ನುಡಿಯಲ್ಲಿ ಇರುವುದು ಅಂಕಿತ. ಶಿಶುನಾಳಾಧೀಶ ಅನ್ನುವ ಅಂಕಿತದಿಂದ ಶರೀಫರ ಪದ ಅಂತ ಗುರುತು ಹಿಡಿಯುವ ಹಾಗೆ, ಅನುಭಾವಿಗಳೆಲ್ಲ ತಮ್ಮ ಗುರುವಿನ, ಊರಿನ, ದೇವರ ಗುರುತನ್ನು ಬಿಟ್ಟು ಹೋದದ್ದು ಅಲ್ಲಿ. ಪುಸ್ತಕ ಅಚ್ಚು ಹಾಕಿಸದ, ಚಿತ್ರ ತೆಗೆಸಿಕೊಳ್ಳದ, ಒಂದು ಕಲ್ಲಿನ ಮೇಲೂ ಹೆಸರು ಕೆತ್ತಿಸದ ಜನ ಅವರು. ಅವರಿಗೆ ಉಳಿದ ಒಂದೇ ಜಾಗವನ್ನು ಗಂಟೆ ಕತ್ತರಿಸುತ್ತದೆ. ಹುಡುಗರು ಈಗ ಅದಕ್ಕೆ ಒಗ್ಗಿಕೊಂಡು ಪಲ್ಲ, ಎರಡು ನುಡಿ ಮಾತ್ರ ಕಲಿಯುತ್ತಿದ್ದಾರೆ. ಕೊನೆಯ ನುಡಿ ಕೇಳಿದರೆ ‘ಅಷ್ಟು ಟೈಮ್ ಎಲ್ಲಿ ಇರ್ತದ್ರೀ’ ಅನ್ನುತ್ತಾರೆ. ಸ್ಪರ್ಧೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಎರಡು ಪದ ಹಾಡಿಸುವ ಕಡೆ ಒಂದೇ ಹಾಡಿಸಿರಿ, ಆದರೆ ಅಂಕಿತದ ತನಕ ಹಾಡಿಸಿರಿ. ಪದದ ಶುದ್ಧಿಗೆ ಒಂದು ಮನೆ ಇಡಿರಿ. ರುಮಾಲಿನ ಮನೆಯನ್ನು ತೆಗೆದುಹಾಕಿರಿ.

ಆಕಾಶವಾಣಿಯ ಅಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಕಲಬುರಗಿ ಕೇಂದ್ರ 1966ರಲ್ಲಿ ಶುರುವಾಯಿತು. ಅಷ್ಟರಲ್ಲಿ ದೇಶದ ಬಾನುಲಿ ಕೇಂದ್ರಗಳಲ್ಲಿ ಧ್ವನಿಪರೀಕ್ಷೆಯ ಪದ್ಧತಿ ಗಟ್ಟಿಯಾಗಿತ್ತು. 1952ರಿಂದ 1962ರವರೆಗೆ ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅದನ್ನು ಬಿಗಿ ಮಾಡಿದ್ದರು. ಬಿ, ಬಿ-ಹೈ, ಎ, ಟಾಪ್ ಅನ್ನುವ ಶ್ರೇಣಿಗಳು ನಮ್ಮ ಹಳ್ಳಿಯ ಹಾಡುಗಾರರ ಬಾಯಲ್ಲೂ ಓಡಾಡುತ್ತವೆ. ‘ನಮ್ಮ ಕಾಕಾ ರೇಡಿಯೋದಾಗ ಪಾಸಾಗ್ಯಾರ’ ಅನ್ನುವ ಮಾತಿನಲ್ಲಿ ಎಷ್ಟು ಹೆಮ್ಮೆ ಇರುತ್ತದೆ ನೋಡಿರಿ. ಮುಖ ನೋಡದೆ, ಕುಲ ಕೇಳದೆ, ಶಿಫಾರಸು ಓದದೆ ಬರೀ ಹಾಡು ಕೇಳಿ ಅಳೆಯಬೇಕು ಅನ್ನುವುದು ಆ ಪದ್ಧತಿಯ ಒಳ್ಳೆಯತನ. ನಮ್ಮಂಥ ಸಮಾಜದಲ್ಲಿ ಅದು ಸಣ್ಣ ಮಾತಲ್ಲ.

ಆದರೆ ಅಳತೆಗೋಲೇ ತಪ್ಪಿದ ಪ್ರಸಂಗವೂ ಅದೇ ಇತಿಹಾಸದಲ್ಲಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಪೇಟಿಯನ್ನು ನಿಷೇಧಿಸಿತು. ಅದರ ಮನೆಗಳು ಒಂದು ಜಾಗದಲ್ಲಿ ನಿಂತುಬಿಟ್ಟಿವೆ, ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ, ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗೆ ಅದು ಹೊಂದುವುದಿಲ್ಲ ಅನ್ನುವುದು ಕಾರಣ. ಶಾಸ್ತ್ರೀಯ ಗಾಯಕರ ದೃಷ್ಟಿಯಲ್ಲಿ ಆ ಮಾತಿನಲ್ಲಿ ಹುರುಳು ಇಲ್ಲದೆ ಇಲ್ಲ. 1971ರಲ್ಲಿ ನಿಷೇಧ ಸಡಿಲವಾಯಿತು, ಅದೂ ಷರತ್ತುಗಳ ಜೊತೆ. ಅಂದರೆ ನಮ್ಮ ಕೇಂದ್ರ ಹುಟ್ಟಿದಾಗ ಆ ನಿಯಮ ಇನ್ನೂ ಜಾರಿಯಲ್ಲಿತ್ತು. ಅದೇ ವರ್ಷಗಳಲ್ಲಿ ಕಾಗಿಣಾ ದಂಡೆಯ ಊರುಗಳಲ್ಲಿ ಪೇಟಿ ಇಲ್ಲದ ಭಜನೆಯೇ ಇರಲಿಲ್ಲ. ಸಾರಂಗಿಯವರನ್ನೋ ತಂಬೂರಿಯವರನ್ನೋ ಎಲ್ಲಿಂದ ತರಬೇಕು? ಕಲಿಯದ ದನಿಗೆ ಹಿಡಿದು ನಿಲ್ಲಲು ಒಂದು ಆಸರೆ ಬೇಕು, ಆ ಆಸರೆಯನ್ನು ಕೊಟ್ಟದ್ದು ಪೇಟಿ. ರಾಗದ ಗಾಯಕರಿಗೆ ದೋಷವಾದದ್ದು ಭಜನೆಯ ಹಾಡುಗಾರರಿಗೆ ಉಪಕಾರವಾಗಿತ್ತು. ಒಂದು ಮನೆಯ ಅಳತೆಯನ್ನು ಇನ್ನೊಂದು ಮನೆಗೆ ಹಾಗೇ ಒಯ್ಯಬಾರದು ಅನ್ನುವುದು ನನಗೆ ಈ ಕತೆಯಿಂದ ಮನವರಿಕೆಯಾಗಿದೆ.

ಇದೇ ಜಗಳ ಸಮುದ್ರದ ಆಚೆಯೂ ನಡೆದಿದೆ. ಇಂಗ್ಲೆಂಡಿನಲ್ಲಿ ಕಳೆದ ಶತಮಾನದ ಐವತ್ತು ಅರವತ್ತರ ದಶಕಗಳಲ್ಲಿ ಜನಪದ ಹಾಡಿನ ಕ್ಲಬ್ಬುಗಳು ಊರೂರಿನ ಪಬ್ಬುಗಳ ಮೇಲಂತಸ್ತಿನಲ್ಲಿ ಹುಟ್ಟಿಕೊಂಡವು. ಕರೆಸಿದ ಅತಿಥಿ ಹಾಡುವ ಮೊದಲು ಕೇಳಲು ಬಂದವರಲ್ಲಿ ಯಾರು ಬೇಕಾದರೂ ಎದ್ದು ಒಂದೆರಡು ಹಾಡು ಹಾಡಬಹುದಾಗಿತ್ತು. ಹಾಡುಗಾರರಾದ ಇವನ್ ಮೆಕಾಲ್ ಮತ್ತು ಪೆಗಿ ಸೀಗರ್ ಲಂಡನ್ನಿನಲ್ಲಿ 1961ರಲ್ಲಿ ಶುರು ಮಾಡಿದ ಸಿಂಗರ್ಸ್ ಕ್ಲಬ್ಬಿನಲ್ಲಿ ಹಾಡುಗಾರರು ತಮ್ಮ ಸ್ವಂತ ನಾಡಿನ, ಸ್ವಂತ ನುಡಿಯ ಹಾಡನ್ನೇ ಹಾಡಬೇಕು ಅನ್ನುವ ಕಟ್ಟುನಿಟ್ಟು ಇತ್ತು. ಮುಂದೆ ಒಂದು ಬಳಗ ಕಟ್ಟಿ ಎಳೆಯ ಹಾಡುಗಾರರು ಒಬ್ಬರ ಹಾಡನ್ನು ಒಬ್ಬರು ಕೇಳಿ ನೇರವಾಗಿ ವಿಮರ್ಶೆ ಮಾಡುವ ಪದ್ಧತಿಯನ್ನೂ ಮೆಕಾಲ್ ನಡೆಸಿದರು. ಅದರಿಂದ ಕೆಲವರು ಬೆಳೆದರು, ಕೆಲವರು ನೊಂದು ದೂರ ಸರಿದರು. ಜನಪದ ತಾನೇ, ಇಷ್ಟು ಸಾಕು ಅನ್ನುವ ಮಾತು ಅವರಲ್ಲೂ ಇತ್ತು. ಅವರಿಗೆ ಹೋಲಿಸಿದರೆ ನಮಗೆ ಒಂದು ಅನುಕೂಲ ಇದೆ. ಅಲ್ಲಿ ಹೊಸಬ ಒಂಟಿಯಾಗಿ ಎದ್ದು ನಿಲ್ಲಬೇಕಿತ್ತು. ನಮ್ಮಲ್ಲಿ ಹಿಮ್ಮೇಳ ಇದೆ.

ಆ ಹಿಮ್ಮೇಳವನ್ನೇ ನಾವು ಈಗ ಕಳೆದುಕೊಳ್ಳುತ್ತಿದ್ದೇವೆ. ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಒಬ್ಬನೇ ಮೈಕ್ ಹಿಡಿದು ಹಾಡುವುದು ಹೆಚ್ಚಾಗಿದೆ. ಟ್ರ್ಯಾಕ್ ಯಾರಿಗಾಗಿಯೂ ಪಟ್ಟಿ ಇಳಿಸುವುದಿಲ್ಲ, ತಪ್ಪಿದವರಿಗಾಗಿ ಪಲ್ಲವನ್ನು ಒಂದು ಸುತ್ತು ಹೆಚ್ಚಿಗೆ ಹಾಡುವುದಿಲ್ಲ. ಜಾನಪದ ಅಂತ ಹೆಸರಿಟ್ಟು ಬರುವ ಹೊಸ ಹಾಡುಗಳಲ್ಲಿ ಯಂತ್ರ ದನಿಯನ್ನು ತಿದ್ದಿ ನುಣುಪು ಮಾಡಿರುತ್ತದೆ. ಅದನ್ನು ದಿನವಿಡೀ ಕೇಳಿದ ಹುಡುಗ ತನ್ನ ಒರಟು ಗಂಟಲನ್ನು ಅದಕ್ಕೆ ಹೋಲಿಸಿಕೊಂಡು ನಾಚುತ್ತಾನೆ. ನಾಚಬೇಕಾದದ್ದು ಏನೂ ಇಲ್ಲ. ಕಲ್ಲು ಕಡಿಯುವವರ ಗಂಟಲಲ್ಲಿ ತತ್ವಪದಕ್ಕೆ ಬರುವ ತೂಕ ಯಂತ್ರದಿಂದ ಬಂದದ್ದನ್ನು ನಾನು ಕೇಳಿಲ್ಲ.

ಹೆಣ್ಣುಮಕ್ಕಳ ಹಾಡಿಗೆ ಹಿಂದೆ ಪೇಟಿಯ ಹಂಗೇ ಇರಲಿಲ್ಲ. ಬೀಸುವಾಗ ಕಲ್ಲಿನ ಗರಗರವೇ ಸೂರು ಕೊಡುತ್ತಿತ್ತು, ತೋಳಿನ ತಿರುವೇ ತಾಳ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ ಅಂಥ ಹಾಡಿನ ಬೆಲೆ ಓದಿದವರಿಗೆ ತಿಳಿಯಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಷ್ಟ ತಪ್ಪಿತು, ಅದು ತಪ್ಪಲೇಬೇಕಿತ್ತು. ಹಾಡು ಮಾತ್ರ ಜಾಗ ಇಲ್ಲದೆ ಉಳಿಯಿತು. ಈಗ ಅದಕ್ಕೆ ಜಾಗ ಕೊಡುತ್ತಿರುವವರು ಅಕ್ಕನ ಬಳಗದವರು, ಸ್ವಸಹಾಯ ಸಂಘಗಳವರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಹಿರಿಯರು, ಚಿಂಚೋಳಿ, ಬೀದರ ಕಡೆ ದೀಪಾವಳಿಯ ಹೊತ್ತಿಗೆ ಬುಲಾಯಿ ಪದ ಹಾಡುವವರು. ಇವರನ್ನು ವೇದಿಕೆಗೆ ಕರೆಯುವಾಗ ಒಬ್ಬೊಬ್ಬರನ್ನೇ ಮೈಕಿನ ಮುಂದೆ ನಿಲ್ಲಿಸಬೇಡಿರಿ. ಅವರ ಹಾಡು ಎರಡು ಗುಂಪು ಎದುರು ಬದುರು ಕೂತು, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುವ ಹಾಡು. ಸುತ್ತ ಕೂಡಿಸಿರಿ, ಮೈಕನ್ನು ನಡುವೆ ಇಡಿರಿ.

ಇನ್ನು ಭಾಷೆಯ ವಿಷಯ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಆ ದಾರಿಯಲ್ಲಿವೆ. ರೈಲು, ಖಣಿ, ಕಾರ್ಖಾನೆಗಳ ಬೆನ್ನಿಗೆ ತೆಲುಗು, ಮರಾಠಿ, ಹಿಂದಿ ಮಾತಾಡುವ ಮನೆಗಳು ಬಂದವು. ದಖನಿ ಉರ್ದು ಮೊದಲಿಂದಲೂ ಇತ್ತು. ಚಿಂಚೋಳಿಯ ಕುಂಚಾವರಂ ಕಾಡಿನ ಕಡೆ ಲಂಬಾಣಿ ತಾಂಡಾಗಳಿವೆ. ತಾಂಡಾದ ಹುಡುಗಿಗೆ ತೀಜ್ ಹಬ್ಬದ ಹಾಡು, ಹೋಳಿಯ ಲೇಂಗಿ ತಾಯಿಯ ಮಡಿಲಲ್ಲೇ ಬಂದಿರುತ್ತವೆ. ಸ್ಪರ್ಧೆಗೆ ಬಂದಾಗ ಆಕೆ ಅದನ್ನು ಬಿಟ್ಟು ಯೂಟ್ಯೂಬಿನಿಂದ ಕಲಿತ ಯಾವುದೋ ದೂರದ ಊರಿನ ಕನ್ನಡ ಜನಪದ ಗೀತೆಯನ್ನು ತಡವರಿಸುತ್ತ ಹಾಡುತ್ತಾಳೆ, ಯಾಕೆಂದರೆ ತನ್ನದು ಲೆಕ್ಕಕ್ಕೆ ಬರುವುದಿಲ್ಲ ಅಂತ ಅವಳಿಗೆ ಯಾರೋ ಹೇಳಿರುತ್ತಾರೆ. ಕನ್ನಡದ ಮೇಲಿನ ನನ್ನ ಪ್ರೀತಿ ಯಾರಿಗಿಂತಲೂ ಕಡಿಮೆಯದಲ್ಲ. ಆದರೂ ಆ ಮಗುವಿಗೆ ಮೊದಲು ಅವಳ ತಾಯಿಯ ಹಾಡನ್ನು ಹಾಡಲು ಬಿಡಬೇಕು. ಪದ ಮೊದಲು ಅನ್ನುವ ಅಳತೆ ಅವಳಿಗೂ ಸಲ್ಲುತ್ತದೆ. ಅರ್ಥ ತಿಳಿದು ಹಾಡಬಲ್ಲ ಪದ ಅವಳ ಹತ್ತಿರ ಇದೆ.

ಹೊಗಳಿಕೆಯ ಬಗ್ಗೆ ಹೇಳದೆ ಹೋದರೆ ಈ ಮಾತು ಅರ್ಧ ಆಗುತ್ತದೆ. ಒಂದು ಸಲ ಹಾಡಿದವರಿಗೆಲ್ಲ ಶಾಲು, ಹಾರ, ‘ಜಾನಪದ ಕೋಗಿಲೆ’ ಅನ್ನುವಂಥ ಬಿರುದು ಹಂಚುವುದು ಪ್ರೋತ್ಸಾಹ ಅಲ್ಲ. ಬಿರುದು ಬಂದ ಮೇಲೆ ಆ ಹುಡುಗ ತಾಳ ಹಿಡಿದು ಹಿಮ್ಮೇಳದಲ್ಲಿ ಕೂರಲು ಸಂಕೋಚ ಪಡುತ್ತಾನೆ, ಅವನ ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ಹಾಡಿನ ನಡುವೆ ‘ಭೇಷ್’ ಅನ್ನಿರಿ, ಅದು ಸಾಕು. ಎಲ್ಲಿ ಅನ್ನಬೇಕೋ ಅಲ್ಲಿ ಅಂದರೆ ಅವನಿಗೆ ಯಾವ ಜಾಗ ಚೆನ್ನಾಗಿ ಬಂತು ಅನ್ನುವುದೂ ತಿಳಿಯುತ್ತದೆ. ಪೇಟಿಯ ಮೇಲೆ ನೋಟು ಇಡುವವರು ಇಡಿರಿ, ಆದರೆ ಆ ನೋಟಿಗಾಗಿ ಹಾಡು ನಿಲ್ಲಿಸಿ ದಾನಿಗಳ ಹೆಸರು ಓದುವ ಪದ್ಧತಿಯನ್ನು ದಯವಿಟ್ಟು ಬಿಡೋಣ. ಅನುಭವಿ ಹಾಡುಗಾರರು ಅದನ್ನು ದಾಟಿ ಮತ್ತೆ ಎತ್ತಿಕೊಳ್ಳುತ್ತಾರೆ. ಹೊಸಬರ ಕೈಯಿಂದ ಲಯ ಜಾರಿಹೋಗುತ್ತದೆ, ಮತ್ತೆ ಹತ್ತುವುದಿಲ್ಲ. ಹಾಗೆಯೇ ಹೊಸಬರಿಗೆ ಹೊತ್ತು ಕೊಡುವಾಗಲೂ ವಿಚಾರ ಬೇಕು. ಜನ ಇನ್ನೂ ಬಂದಿರದ ಮೊದಲ ಗಳಿಗೆಯಲ್ಲಿ, ಇಲ್ಲವೇ ಎಲ್ಲರೂ ಮಲಗಿದ ಬೆಳಗಿನ ಜಾವದಲ್ಲಿ ಅವರಿಗೆ ಹಾಡಲು ಹಚ್ಚುವುದು ಇಲ್ಲ ಅಂದ ಹಾಗೆಯೇ. ಎರಡು ಅನುಭವಿ ದನಿಗಳ ನಡುವೆ, ಜನ ಬಿಸಿಯಾಗಿರುವ ಹೊತ್ತಿನಲ್ಲಿ ಅವರನ್ನು ಹಾಡಿಸಿರಿ. ಎತ್ತುಗಡೆ ನಿಧಾನ ಇರಲಿ ಅಂತ ಮೊದಲೇ ಹೇಳಿರಿ. ಅಂಜಿಕೆಯಲ್ಲಿ ಎಲ್ಲರೂ ಓಡುತ್ತಾರೆ, ಮೂರನೆಯ ನುಡಿಗೆ ಉಸಿರು ಸಾಲುವುದಿಲ್ಲ.

ದನಿ ಬಿದ್ದ ಮುದುಕರ ಮಾತು ಬೇರೆ. ಅವರಿಗೆ ಅಂಕ ಹಾಕುವ ಕೆಲಸ ಬೇಡ. ಯಾವ ಪುಸ್ತಕದಲ್ಲೂ ಇರದ ನುಡಿಗಳು ಅವರ ಬಾಯಲ್ಲಿವೆ. ಅವರನ್ನು ಮುಂದೆ ಕೂಡಿಸಿ, ಸಾಲು ಎತ್ತಿಕೊಡಲು ಬಿಟ್ಟು, ಹಾಡುವುದನ್ನು ಹುಡುಗರಿಗೆ ವಹಿಸಿದರೆ ಇಬ್ಬರಿಗೂ ಕೆಲಸ ಸಿಗುತ್ತದೆ.

ಕಡೆಯದಾಗಿ ಮ್ಯಾಳದ ಮುಖ್ಯಸ್ಥರಿಗೆ, ಪೇಟಿ ಮಾಸ್ತರರಿಗೆ ಒಂದು ಕೆಲಸ ಹೇಳುತ್ತೇನೆ. ಪ್ರತಿ ಮ್ಯಾಳದಲ್ಲೂ ಪದ ಬರೆದಿಟ್ಟ ಹಳೆಯ ವಹಿ ಒಂದು ಇದ್ದೇ ಇರುತ್ತದೆ, ಹೊದಿಕೆ ಹರಿದು ಎಣ್ಣೆಯ ಕಲೆ ಬಿದ್ದದ್ದು. ಶ್ರಾವಣ ಬರುವ ಮೊದಲು ಒಂದು ಸಂಜೆ ಎಲ್ಲರನ್ನೂ, ಹಿಮ್ಮೇಳದವರನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿ, ಕೂಡಿಸಿರಿ. ಒಬ್ಬೊಬ್ಬರ ದನಿ ಯಾವ ಪಟ್ಟಿಯಲ್ಲಿ ಆರಾಮವಾಗಿ ನಿಲ್ಲುತ್ತದೆ ಅಂತ ಪೇಟಿಯ ಮೇಲೆ ಹಿಡಿದು ನೋಡಿರಿ. ವಹಿಯ ಕೊನೆಯ ಹಾಳೆಯಲ್ಲಿ ಹೆಸರು, ಅದರ ಮುಂದೆ ಪಟ್ಟಿ, ಅದರ ಮುಂದೆ ಅವರಿಗೆ ಅಂಕಿತದ ತನಕ ಬರುವ ಪದಗಳು, ಇಷ್ಟು ಬರೆದಿಡಿರಿ. ಯಾರ ಹೆಸರಿನ ಮುಂದೆ ಪದದ ಮನೆ ಖಾಲಿ ಇದೆಯೋ ಅವರಿಗೆ ಆ ತಿಂಗಳು ಒಂದು ಪದ ಕಲಿಸುವ ಜವಾಬ್ದಾರಿಯನ್ನು ಬಾಜೂಕ್ಕೆ ಕೂತವರಿಗೆ ವಹಿಸಿರಿ. ಮುಂದಿನ ಅಮಾವಾಸ್ಯೆಗೆ ಅವರನ್ನು ಹೆಸರು ಹಿಡಿದು ಕರೆಯಿರಿ.